ಒಂದೇ ಅಳತೆಯ ಪಾಠಗಳು

ಇಂದಕ್ಕ ಕಂಪ್ಯೂಟರಿನ ಮುಂದೆ ಕೂತಾಗ ಹೆಡ್‌ಫೋನಿನ ಒಂದು ಬದಿಯನ್ನು ಮಾತ್ರ ಕಿವಿಗೆ ಇಟ್ಟುಕೊಳ್ಳುತ್ತಿದ್ದಳು. ಇನ್ನೊಂದು ಬದಿ ಕಿವಿಯ ಹಿಂದೆ, ಕೂದಲಿಗೆ ಒರಗಿಕೊಂಡಿರುತ್ತಿತ್ತು. ಎಡಗಿವಿ ಯಂತ್ರಕ್ಕೆ, ಬಲಗಿವಿ ನಮಗೆ. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ, ಬೆರಳು ಕೀಲಿಗಳ ಮೇಲೆ ಓಡುತ್ತಿರುವಾಗಲೇ ಅವರ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಅವಳನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಎರಡು ಕಡೆಗೂ ಹಂಚಿಹೋಗಿದ್ದ, ಆದರೆ ಯಾವ ಕಡೆಗೂ ಅರೆಬರೆಯಾಗಿರದ ಆ ಗಮನ.

ಇಂದುಮತಿ ಅವಳ ಪೂರ್ತಿ ಹೆಸರು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ನಮ್ಮೂರಿನ ದರ್ಜಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗಾಗಿ ಒಂದು ಓದುಮನೆ ನಡೆಯುತ್ತಿತ್ತು. ಊರಿನವರು ಬಿಡುವಾದಾಗ ಬಂದು ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಇಂದಕ್ಕ ಅದನ್ನು ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಂಡು, ಕೆಮ್ಮು ಸೀನುಗಳನ್ನು ತೆಗೆದು, ಪಾಠಕ್ಕೊಂದು ಫೋಲ್ಡರ್ ಮಾಡಿ ಜೋಡಿಸಿಡುತ್ತಿದ್ದಳು. ಹಾಸ್ಟೆಲಿನ ಹುಡುಗ ಹುಡುಗಿಯರು ಪೆನ್‌ಡ್ರೈವ್ ತಂದು ತಮಗೆ ಬೇಕಾದ ಪಾಠಗಳನ್ನು ತುಂಬಿಸಿಕೊಂಡು ಹೋಗಿ, ಹಾಡು ಕೇಳಿಸುವ ಸಣ್ಣ ಡಬ್ಬಿಗೆ ಚುಚ್ಚಿ ಕೇಳುತ್ತಿದ್ದರು. ಹೊಲಿಗೆ ಯಂತ್ರಗಳ ಸದ್ದು ಮೇಲೆ ಬಾರದಿರಲೆಂದು ಓದುವ ಕೋಣೆಯ ಗೋಡೆಗಳಿಗೆ ಹಳೆಯ ಕೌದಿಗಳನ್ನು ತೂಗುಹಾಕಿದ್ದರು.

ಪರದೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಆ ಕಂಪ್ಯೂಟರಿನಲ್ಲಿತ್ತು. ಅದರ ದನಿಯನ್ನು ಇಂದಕ್ಕ ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಳೆಂದರೆ ನಮಗೆಲ್ಲ ಅದು ಮೊರದಿಂದ ಅಕ್ಕಿ ಸುರಿದ ಹಾಗೆ ಕೇಳುತ್ತಿತ್ತು. ಅವಳಿಗೆ ಒಂದೊಂದು ಕಾಳೂ ಬೇರೆಬೇರೆ.

ನಾನು ಅಲ್ಲಿ ಓದಿಕೊಡುವವರಲ್ಲಿ ಒಬ್ಬ; ಸಂಜೆ ಐದರ ಮೇಲೆ ಬೀಗ ಹಾಕುವವನೂ ನಾನೇ. ನಮ್ಮ ತಂದೆ ಕಾವ್ಯವಾಚನ ಮಾಡುತ್ತಿದ್ದರು. ನನಗೆ ಅವರ ಕಂಠ ಬರಲಿಲ್ಲ. ಕೇಳುವ ಕಿವಿಯಷ್ಟೇ ಬಂತು. ಕಂಬಕ್ಕೊರಗಿ ಕೂತು ಸಂಜೆಗಟ್ಟಲೆ ಪದ್ಯ ಕೇಳುತ್ತ ಬೆಳೆದವನಾದ್ದರಿಂದ ಮಾತಾಡುವುದಕ್ಕಿಂತ ಸುಮ್ಮನಿರುವುದೇ ನನಗೆ ಸಲೀಸು. ಈ ಸುಮ್ಮನಿರುವ ಅಭ್ಯಾಸವನ್ನು ಬಹಳ ಕಾಲ ಒಂದು ಗುಣವೆಂದೇ ತಿಳಿದಿದ್ದೆ.

ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ಒಂದು ಬುಧವಾರ ಬೆಳಿಗ್ಗೆ ಹಾಸ್ಟೆಲಿನ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಮೇಲೆ ಬಂದಳು. ಅವಳ ಹೆಸರು ಪಾರ್ವತವ್ವ.

"ಇಂದಕ್ಕಾ, ನೀವು ಸೋಮವಾರ ಹಾಕ್ಕೊಟ್ಟ ಪಾಠ ಒಂದೂ ಮಾತಾಡ್ತಿಲ್ಲ. ಡಬ್ಬಿಗೆ ಹಾಕಿದ್ರೆ ಖಾಲಿ ಅಂತದೆ."

"ಖಾಲಿನಾ? ನಾನೇ ಹಾಕಿದೀನಲ್ಲೇ."

"ನನ್ನದೊಂದೇ ಅಲ್ಲ. ನಮ್ಮ ರೂಮಿನೋರದ್ದೆಲ್ಲ ಹಂಗೇ ಆಗೈತೆ."

ಇಂದಕ್ಕ ಯಂತ್ರದ ಕಡೆ ತಿರುಗಿದಳು. ಅಂದು ಅದರ ದನಿ ತೊದಲುತ್ತಿತ್ತು. ಒಂದು ಅಕ್ಷರ ಹೇಳಿ ನಿಲ್ಲುತ್ತಿತ್ತು; ಇನ್ನೊಂದು ಅಕ್ಷರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾವು ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ನಾನು ಬಾಗಿ ಪರದೆ ನೋಡಿದೆ. ಪಾಠಗಳ ಹಳದಿ ಫೋಲ್ಡರುಗಳು ಸಾಲಾಗಿ ಎಂದಿನಂತೆಯೇ ಇದ್ದವು. ಒತ್ತಿದರೆ ಯಾವುದೂ ತೆರೆಯಲಿಲ್ಲ.

ಓದುಮನೆಯನ್ನು ಕಟ್ಟಿ ನಿಲ್ಲಿಸಿದವರು ಕರಿಬಸಯ್ಯ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರು. ಸುದ್ದಿ ಕೇಳಿದವರೇ ಕಂಪ್ಯೂಟರ್ ರಿಪೇರಿಯ ಮುನಾವರನನ್ನು ಜೊತೆಗೇ ಕರೆತಂದರು. ಮುನಾವರ್ ಒಳ್ಳೆಯ ಕೆಲಸಗಾರ, ಆದರೆ ಸದಾ ಅವಸರ. ಇಂದಕ್ಕನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತವನು ಮೊದಲು ಮಾಡಿದ ಕೆಲಸವೆಂದರೆ ಆ ಓದುವ ದನಿಯನ್ನು ಆರಿಸಿದ್ದು.

"ಇದು ತಲೆ ತಿನ್ನುತ್ತೆ ಸಾರ್," ಎಂದ. ನಂತರ ತನ್ನ ಹತಾರವೊಂದನ್ನು ಹಾಕಿ ಒಂದು ಗಂಟೆ ಶೋಧಿಸಿದ. ಏನೂ ಸಿಗಲಿಲ್ಲ. "ಟ್ರೋಜನ್ ಇರ್ಬೇಕು. ಅದು ಬಾಗಿಲು ಒಡ್ಕೊಂಡು ಬರೋ ಕಳ್ಳ ಅಲ್ಲ ಸಾರ್. ನೆಂಟರ ವೇಷ ಹಾಕ್ಕೊಂಡು ಬಂದು ಬಾಗಿಲು ತಟ್ಟುತ್ತೆ. ನಾವೇ ಬನ್ನಿ ಅಂತೀವಿ. ಯಾರಾದ್ರೂ ಹೊರಗಿನ ಪೆನ್‌ಡ್ರೈವ್ ಹಾಕಿದ್ರಾ?"

ಎಲ್ಲರ ಮುಖ ಇಂದಕ್ಕನ ಕಡೆ ತಿರುಗಿತು.

"ದಿನಾ ಹಾಕ್ತೀನಿ," ಎಂದಳು ಇಂದಕ್ಕ. "ಅದೇ ನನ್ನ ಕೆಲಸ. ಒಂದೊಂದನ್ನೂ ಮೊದಲು ಪರೀಕ್ಷೆ ಮಾಡಿಸ್ತೀನಿ. ಕಾವಲು ತಂತ್ರಾಂಶ ಏನಾದ್ರೂ ಎಚ್ಚರಿಕೆ ಹೇಳಿದ್ರೆ ಹಾಕೋದೇ ಇಲ್ಲ."

"ಪಾಪ, ಎಚ್ಚರಿಕೆ ಬಂದಿರುತ್ತೆ ಮೇಡಂ. ನಿಮಗೆ ಕಂಡಿರಲ್ಲ."

"ನನಗೆ ಯಾವುದೂ ಕಾಣಲ್ಲಪ್ಪ. ಕೇಳುತ್ತೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮುನಾವರ್ ಒಂದೊಂದು ಪಾಠದ ಮೇಲೂ ಬಾಣದ ಗುರುತನ್ನು ಇಟ್ಟು, ಒಳಗೆ ಏನೂ ಉಳಿದಂತಿಲ್ಲ, ಎಲ್ಲ ಬರೀ ಸಿಪ್ಪೆ ಎಂದ. ಫಾರ್ಮ್ಯಾಟ್ ಹೊಡೆದು, ಎಂದರೆ ಎಲ್ಲವನ್ನೂ ಅಳಿಸಿ, ಹೊಸದಾಗಿ ಶುರುಮಾಡುವುದೊಂದೇ ದಾರಿ. ಶನಿವಾರ ಬರುತ್ತೇನೆ ಎಂದ. ಹಾಗೆ ಮಾಡಿದರೆ ನಾಲ್ಕು ತಿಂಗಳ ಓದು ಹೋಗುತ್ತಿತ್ತು. ಮೂರು ವಾರದಲ್ಲಿ ಅದನ್ನು ಮತ್ತೆ ಓದಿ ಮುಗಿಸುವುದು ಯಾರ ಕೈಯಲ್ಲೂ ಸಾಧ್ಯವಿರಲಿಲ್ಲ.

"ಆಗಿದ್ದು ಆಗಿಹೋಯ್ತು," ಎಂದರು ಮೇಷ್ಟ್ರು. ಅವರು ಕೆಟ್ಟವರಲ್ಲ, ಮಾತಿನಲ್ಲಿ ಕನಿಕರವೇ ಇತ್ತು. ಅದೇ ಹೆಚ್ಚು ನೋಯಿಸುವಂತಿತ್ತು. "ತಪ್ಪು ನಿಂದಲ್ಲ ಕಣಮ್ಮ ಇಂದಮ್ಮ. ಕಾಣದವರ ಕೈಗೆ ಇಂಥಾ ಯಂತ್ರ ಕೊಟ್ಟಿದ್ದು ನನ್ನ ತಪ್ಪು. ಇನ್ಮೇಲೆ ನೀನು ಹುಡುಗರನ್ನ ಮಾತಾಡಿಸ್ಕೊಂಡು ಇರು. ಯಂತ್ರದ ಹತ್ರ ಕಣ್ಣಿರೋರು ಕೂತ್ಕೊಳ್ಳಲಿ." ನನ್ನ ಕಡೆ ತಿರುಗಿ ಸೇರಿಸಿದರು, "ಏನಪ್ಪಾ, ನೀನೇ ನೋಡ್ಕೋತೀಯಲ್ಲ?"

ಇಂದಕ್ಕ ಒಂಬತ್ತು ವರ್ಷ ಕೂತಿದ್ದ ಕುರ್ಚಿ ಅದು. ಊರಿನಲ್ಲಿ ಅವಳಿಗಿದ್ದ ಒಂದೇ ಜಾಗ. ಅವಳು ಮೇಜಿನ ಅಂಚನ್ನು ಒಮ್ಮೆ ಬೆರಳಿನಿಂದ ಸವರಿ, ಹೆಡ್‌ಫೋನನ್ನು ಅದರ ಮೊಳೆಗೆ ನೇತುಹಾಕಿ, ಮಡಚುವ ಬಿಳಿಕೋಲನ್ನು ಬಿಚ್ಚಿಕೊಂಡು ಮೆಟ್ಟಿಲಿಳಿದಳು.

ನಾನು ಸುಮ್ಮನಿದ್ದೆ.

ಯಾಕೆ ಸುಮ್ಮನಿದ್ದೆ ಎಂಬುದನ್ನು ಈಗ ಹೇಳಬೇಕು. ಎರಡು ವಾರದ ಹಿಂದೆ ನಮ್ಮ ಬೀದಿಯ ಮಂಟಪದಲ್ಲಿ ಏಳು ದಿನದ ವಾಚನವಿತ್ತು. ಆರು ದಿನವೂ ಹೋಗಿ ಕೇಳಿದೆ. ಏಳನೆಯ ದಿನ ಜ್ವರ ಬಂದು ಮಲಗಿದೆ. ಮಂಗಳ ತಪ್ಪಿಹೋಯಿತು. ನಮ್ಮ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಯಾವ ಓದೇ ಆಗಲಿ, ಮಂಗಳದ ಪದ್ಯ ಕಿವಿಗೆ ಬೀಳದೆ ಎದ್ದು ಹೋದರೆ ಅಷ್ಟು ದಿನ ಕೇಳಿದ್ದೂ ಅರೆಯಾಗಿಯೇ ಉಳಿಯುತ್ತದೆಂದು ನಂಬಿಕೆ. ಅಮ್ಮ ನಿದ್ದೆಗಣ್ಣಿನ ನಮ್ಮನ್ನೆಲ್ಲ ಭುಜ ಹಿಡಿದು ಎಬ್ಬಿಸಿ ಮಂಗಳಕ್ಕೆ ಕೂರಿಸುತ್ತಿದ್ದಳು. ನನ್ನ ಪೇಚಾಟ ನೋಡಿ, ಜೊತೆಗೆ ಕೇಳುತ್ತಿದ್ದ ಗೆಳೆಯನೊಬ್ಬ ಎಲ್ಲಿಂದಲೋ ಅದರ ಧ್ವನಿಮುದ್ರಿಕೆಯನ್ನು ಸಂಪಾದಿಸಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಿಂದಿನ ವಾರದ ಗುರುವಾರ ಐದಕ್ಕೆ ಇಂದಕ್ಕ ಬಸ್ಸಿಗೆ ಹೋದ ಮೇಲೆ ಓದುಮನೆಯ ಯಂತ್ರಕ್ಕೆ ಅದನ್ನು ಚುಚ್ಚಿದೆ. ಒಂದೇ ಒಂದು ಹಳದಿ ಫೋಲ್ಡರ್ ಇತ್ತು. ಅದರ ಮೇಲೆ 'ಮಂಗಳ' ಎಂದು ಬರೆದಿತ್ತು. ಒತ್ತಿದೆ. ಕೆಂಪು ಅಂಚಿನ ಚೌಕವೊಂದು ಎದ್ದು ನಿಂತು ಏನೋ ಎಚ್ಚರಿಸಿತು. ಅದರಲ್ಲಿ ಎರಡು ಗುಂಡಿ: ತಡೆ, ಬಿಡು. ಮಂಗಳದ ಹೊಸ್ತಿಲಲ್ಲಿ ಯಾರೋ ಅಡ್ಡ ನಿಂತಂತೆ ನನಗೆ ಸಿಡಿಮಿಡಿಯಾಯಿತು. ಓದಿಯೂ ನೋಡಲಿಲ್ಲ. 'ಬಿಡು' ಎಂದು ಒತ್ತಿದೆ. ಹಾಡು ಬಂತು. ಕೈಮುಗಿದು ಕಣ್ಣುಮುಚ್ಚಿ ಪೂರ್ತಿ ಕೇಳಿದೆ. ನೆಮ್ಮದಿಯಿಂದ ಮನೆಗೆ ಹೋದೆ.

ಮುನಾವರ್ 'ನೆಂಟರ ವೇಷ' ಎಂದ ಕ್ಷಣವೇ ನನಗೆ ಆ ಕೆಂಪು ಚೌಕ ನೆನಪಾಗಿತ್ತು. ಖಚಿತವಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ದೇವರ ಪದ್ಯದಲ್ಲಿ ಅಂಥದ್ದು ಬರುತ್ತದೆಯೇ ಎಂದುಕೊಂಡೆ. ಬುಧವಾರ ಹೋಯಿತು, ಗುರುವಾರ ಹೋಯಿತು, ಶುಕ್ರವಾರವೂ ಹೋಯಿತು. ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಮುನಾವರ್ ಚೀಲ ಇಳಿಸುವಷ್ಟರಲ್ಲಿ ಇಂದಕ್ಕ ಬಂದಳು.

"ಮೇಷ್ಟ್ರೇ, ಅಳಿಸೋ ಮುಂಚೆ ಒಂದ್ಸಲ ಕೂತು ಕೇಳಿಸ್ಕೋತೀನಿ."

"ಏನು ಕೇಳಿಸ್ಕೋತೀಯಮ್ಮ? ಮುನಾವರ್ ನೋಡಿದ್ದಾನಲ್ಲ."

"ಅವರು ನೋಡಿದ್ದಾರೆ. ಯಾರೂ ಕೇಳಿಸ್ಕೊಂಡಿಲ್ಲ."

ಮುನಾವರ್ ನಕ್ಕ. "ಕೂತ್ಕೊಳ್ಳಲಿ ಬಿಡಿ ಸಾರ್. ನಾನು ಒಂದು ಬೀಡಿ ಸೇದೋವರೆಗೆ."

ಅವಳು ಹೆಡ್‌ಫೋನನ್ನು ಮೊಳೆಯಿಂದ ತೆಗೆದು ಎಂದಿನಂತೆ ಒಂದು ಬದಿಗೆ ಇಟ್ಟುಕೊಂಡಳು. ದನಿಯನ್ನು ಎಬ್ಬಿಸಿದಳು. ಅದು ತೊದಲಿತು, ಅವಳು ಕಾದಳು. ಮಾತು ಬರದ ಮಗುವಿನ ಮುಂದೆ ತಾಯಿ ಕಾದಂತೆ ಕಾದಳು. ಪಾಠಗಳನ್ನು ನಾವೆಲ್ಲ ದೊಡ್ಡ ಚಿತ್ರಗಳಾಗಿ ನೋಡುತ್ತಿದ್ದೆವು. ಅವಳಿಗೆ ಚಿತ್ರದಿಂದ ಪ್ರಯೋಜನವಿಲ್ಲದ್ದರಿಂದ ಹೆಸರು, ಜಾತಿ, ಅಳತೆ ಮೂರನ್ನೂ ಹೇಳುವ ಪಟ್ಟಿಯಾಗಿ ಮಾಡಿಕೊಂಡು ಕೇಳುತ್ತಿದ್ದಳು. ಎರಡನೆಯ ಸಾಲಿಗೇ ಅವಳ ಹುಬ್ಬು ಗಂಟಿಕ್ಕಿತು.

"ಮುನಾವರ್, ಇವು ಫೋಲ್ಡರ್ ಅಂದ್ರಲ್ಲ?"

"ಹೌದು ಮೇಡಂ. ಕಣ್ಣಿಗೆ ಹೊಡೆದ ಹಾಗೆ ಕಾಣ್ತಿದೆಯಲ್ಲ, ಹಳದಿ."

"ಬಣ್ಣ ನನಗೇನು ಗೊತ್ತು? ಇದು ಹೇಳ್ತಿದೆ: ಮೊದಲನೇ ಪಾಠ, ಅಪ್ಲಿಕೇಶನ್, ನಾನೂರ ಹನ್ನೆರಡು ಕೆ.ಬಿ. ಎರಡನೇ ಪಾಠ, ಅಪ್ಲಿಕೇಶನ್, ನಾನೂರ ಹನ್ನೆರಡು. ಮೂರನೇ ಪಾಠ, ನಾನೂರ ಹನ್ನೆರಡು." ಅವಳು ನಿಲ್ಲಿಸಿದಳು. "ನೀರಿನ ಪಾಠ ಹತ್ತು ನಿಮಿಷ. ರಾಜರ ಪಾಠ ಒಂದು ಗಂಟೆ. ಎಲ್ಲಾದಕ್ಕೂ ಒಂದೇ ಅಳತೆ ಹೇಗಪ್ಪ ಬಂತು?"

ಮುನಾವರನ ಕೈಯ ಬೀಡಿ ಹಚ್ಚದೆ ಉಳಿಯಿತು. ಅವನು ಬಾಗಿ ಪಟ್ಟಿ ನೋಡಿದ.

"ಯಾ ಅಲ್ಲಾ," ಎಂದ ಮೆಲ್ಲಗೆ. "ಫೋಲ್ಡರ್ ಚಿತ್ರ ಅಂಟಿಸ್ಕೊಂಡಿರೋ ಪ್ರೋಗ್ರಾಮು. ಎಲ್ಲಾ ಇದರದ್ದೇ ನಕಲು. ಚಿತ್ರ ನೋಡಿ ನಾನೇ ಮೋಸ ಹೋದೆ."

"ಹಾಗಾದ್ರೆ ನಿಜವಾದ ಪಾಠ ಎಲ್ಲಿ?" ಎಂದರು ಮೇಷ್ಟ್ರು.

"ಎಲ್ಲೂ ಹೋಗಿಲ್ಲ ಅನ್ಸುತ್ತೆ," ಎಂದಳು ಇಂದಕ್ಕ. ಅವಳ ಬೆರಳು ಆಗಲೇ ಇನ್ನೊಂದು ಕಡೆ ಹೋಗಿತ್ತು. "ಪ್ರತಿ ಸೋಮವಾರ ಡಿಸ್ಕಲ್ಲಿ ಎಷ್ಟು ಜಾಗ ತುಂಬಿದೆ ಅಂತ ಕೇಳ್ಕೋತೀನಿ, ಹೊಸ ಓದಿಗೆ ಜಾಗ ಬೇಕಲ್ಲ. ಹೋದ ಎರಡು ಸೋಮವಾರ ಎಷ್ಟಿತ್ತೋ ಇವತ್ತೂ ಹೆಚ್ಚುಕಮ್ಮಿ ಅಷ್ಟೇ ತುಂಬಿದೆ. ಪಾಠ ಕಳೆದಿದ್ರೆ ಜಾಗ ಖಾಲಿಯಾಗ್ಬೇಕಿತ್ತು. ಬಚ್ಚಿಟ್ಟಿದೆ ಅಷ್ಟೇ."

ಮುನಾವರ್ ಹಣೆ ಚಚ್ಚಿಕೊಂಡ. ಅವಳ ಭುಜದ ಮೇಲಿನಿಂದ ಕೈಚಾಚಿ, ಮರೆಮಾಡಿದ ಕಡತಗಳನ್ನೂ ತೋರಿಸು ಎಂದು ಯಂತ್ರಕ್ಕೆ ಹೇಳುವ ಒಂದು ಗುರುತು ಹಾಕಿದ. ಹಳದಿ ಚಿತ್ರಗಳ ನಡುವೆ ಒಂದೊಂದಾಗಿ ಇನ್ನೊಂದು ಸಾಲು ಎದ್ದು ಬಂತು. ಮಂಜಿನಲ್ಲಿ ನಿಂತ ಜನರಂತೆ ಮಸುಕಾಗಿದ್ದವು, ಆದರೆ ಇದ್ದವು. ಮುನ್ನೂರ ಇಪ್ಪತ್ತು ಪಾಠಗಳು, ಒಂದೂ ಬಿಡದೆ. ಒಂದನ್ನು ತೆರೆದೊಡನೆ ತೊದಲುತ್ತ ತೊದಲುತ್ತ ಯಾರದೋ ಕಂಠ 'ನೀರಿನ ಮೂಲಗಳು' ಎಂದಿತು. ಮೇಷ್ಟ್ರು ಹೆಗಲ ಮೇಲಿನ ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಹಾಸ್ಟೆಲಿಗೆ ಸುದ್ದಿ ಮುಟ್ಟಿಸುತ್ತೇನೆಂದು ಫೋನು ಹಿಡಿದು ಕಿಟಕಿಯ ಬಳಿ ಹೋದರು. ಮುನಾವರ್ ಯಂತ್ರಕ್ಕೂ ಹೊರಗಿನ ಜಾಲಕ್ಕೂ ಇದ್ದ ತಂತಿಯನ್ನು ಕಿತ್ತು, ಒಳಗೆ ಕೂತದ್ದು ಹೊರಗಿನ ತನ್ನ ಧಣಿಯ ಜೊತೆ ಮಾತಾಡದಿರಲಿ ಎಂದು ಗೊಣಗಿ, ಚೀಲದಲ್ಲಿ ಏನನ್ನೋ ಹುಡುಕತೊಡಗಿದ.

ಇಂದಕ್ಕ ಏಳಲಿಲ್ಲ. ಕಾವಲು ತಂತ್ರಾಂಶದ ದಿನಚರಿಯನ್ನು ತೆರೆದಳು. ಅದು ಯಾವ ದಿನ ಯಾರನ್ನು ತಡೆಯಿತು, ಯಾರನ್ನು ಬಿಟ್ಟಿತು ಎಂದೆಲ್ಲ ಅಲ್ಲಿ ದಾಖಲಾಗಿರುತ್ತಿತ್ತು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಅವಳ ಎಡಗಿವಿ ಕೇಳಿದ ಸಾಲನ್ನು ಅದೇ ಹೊತ್ತಿಗೆ ನನ್ನ ಕಣ್ಣು ಓದಿತು.

ಗುರುವಾರ, ಸಂಜೆ ಐದು ನಲವತ್ತು: ತಡೆಯಲಾಗಿದೆ. ಗುರುವಾರ, ಸಂಜೆ ಐದು ನಲವತ್ತು: ಬಳಕೆದಾರರ ಅಪ್ಪಣೆಯಂತೆ ಬಿಡಲಾಗಿದೆ.

ಅವಳ ಬೆರಳು ನಿಂತಿತು. ಐದು ಗಂಟೆಯ ನಂತರ ಈ ಕೋಣೆಯಲ್ಲಿ ಯಾರಿರುತ್ತಾರೆಂದು ಅವಳಿಗೆ ಗೊತ್ತಿತ್ತು. ನಾನು ಹಿಂದೆ ನಿಂತಿದ್ದೇನೆಂದೂ ಗೊತ್ತಿತ್ತು. ಉಸಿರಾಟದಿಂದಲೇ ಅವಳು ಜನರನ್ನು ಗುರುತಿಸುತ್ತಿದ್ದಳು. ಆದರೆ ಅವಳು ತಿರುಗಲಿಲ್ಲ. ತೆರೆದ ಬಲಗಿವಿ ನನ್ನ ಕಡೆಗಿತ್ತು. ಒಂದು ಮಾತಿಗಾಗಿ ಅದು ಕಾಯುತ್ತಿರುವಂತೆ ನನಗೆ ತೋರಿತು. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಫೋನು ಮುಗಿಸಿ ಬಂದರು.

"ಅದಿರಲಿ, ಇದು ಒಳಗೆ ಬಂದದ್ದು ಯಾರ ಕೈಯಿಂದ ಅಂತ ಗೊತ್ತಾಯ್ತೇನಮ್ಮ?"

ಇಂದಕ್ಕ ಆ ಪುಟವನ್ನು ಮುಚ್ಚಿದಳು. "ಬಾಗಿಲು ಯಾವುದು ಅಂತ ಗೊತ್ತಾಯ್ತು ಮೇಷ್ಟ್ರೇ. ಕಾವಲು ತಡೆದಿತ್ತು, ಬಿಡು ಅಂತ ಅಪ್ಪಣೆ ಕೊಟ್ಟಿದಾರೆ. ಅದಕ್ಕೇ ಆಮೇಲೆ ಎಷ್ಟು ಹುಡುಕಿದ್ರೂ ಅದು ಹಿಡಿದುಕೊಡ್ತಿಲ್ಲ. ಅಪ್ಪಣೆ ವಾಪಸು ತಗೊಂಡ್ರೆ ಹಿಡಿಯುತ್ತೆ. ಯಾರು ಅನ್ನೋದು ಬಿಡಿ."

ಮೇಷ್ಟ್ರು ಅರ್ಥಮಾಡಿಕೊಂಡದ್ದೇ ಬೇರೆ, ಅಪ್ಪಣೆ ಕೊಟ್ಟವಳು ಅವಳೇ ಎಂದು. ಅವರ ಮುಖದಲ್ಲಿ ಮತ್ತೆ ಆ ಕನಿಕರ ಮೂಡಿತು. "ಹೋಗ್ಲಿ ಬಿಡು ತಾಯಿ. ನಾನೂ ಕೆದಕಲ್ಲ. ಪಾಠ ಉಳಿಸಿದೆ, ಅದೇ ದೊಡ್ಡದು. ಆದ್ರೆ ಕುರ್ಚಿ ಮಾತು ಆವತ್ತು ಹೇಳಿದ್ದೇ ಸರಿ. ನಾಳೆ ಮತ್ತೆ ಇಂಥದ್ದೇ ಬಂದು ಬಿಡ್ಲಾ ಅಂತ ಕೇಳಿದ್ರೆ ನೀನು..."

ಇಂದಕ್ಕ "ಆಯ್ತು ಮೇಷ್ಟ್ರೇ" ಎಂದಳು.

ಅವಳು ಹಾಗೆ ಅನ್ನದೆ ಜಗಳವಾಡಿದ್ದರೆ ನಾನು ಇನ್ನೂ ಒಂದು ದಿನ ಸುಮ್ಮನಿದ್ದೇನೋ ಏನೋ. ಆ ಎರಡು ಪದ ನನ್ನ ಎದೆಗೆ ಬಂದು ನಾಟಿದವು.

"ಅಪ್ಪಣೆ ಕೊಟ್ಟಿದ್ದು ನಾನು," ಎಂದೆ. ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. "ಹೋದ ವಾರ ಗುರುವಾರ ಸಂಜೆ. ಇಂದಕ್ಕ ಇರಲಿಲ್ಲ. ಎಚ್ಚರಿಕೆ ಬಂತು, ನಾನು ಓದಲಿಲ್ಲ. ಮಂಗಳ ಕೇಳ್ಬೇಕಿತ್ತು."

ಮುನಾವರ್ ಚೀಲದಿಂದ ತಲೆ ಎತ್ತಿದ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು, ತಪ್ಪು ಲೆಕ್ಕ ಮಾಡಿದ ವಿದ್ಯಾರ್ಥಿಯನ್ನು ನೋಡಿದ ಹಾಗೆ.

"ಮೂರು ದಿನ ಬಾಯಲ್ಲಿ ಕಡುಬು ತುರುಕ್ಕೊಂಡಿದ್ದೆಯೇನಯ್ಯ? ಆ ಹೆಣ್ಣುಮಗಳ ಕುರ್ಚಿ ನಿನಗೇ ಕೊಡ್ತೀನಿ ಅಂದೆನಲ್ಲೋ, ಆಗಲೂ ಮಾತು ಬರಲಿಲ್ವಾ?"

"ಬರಲಿಲ್ಲ," ಎಂದೆ. "ಇಂದಕ್ಕ, ನಿನಗೆ ಗೊತ್ತಾಗಿತ್ತು."

"ಹೂಂ."

"ಹೇಳ್ಬಹುದಿತ್ತಲ್ಲ."

"ನಾನು ಹೇಳಿದ್ರೆ ನೀನು ಸಿಕ್ಕಿಬಿದ್ದ ಹಾಗಾಗ್ತಿತ್ತು ತಮ್ಮಯ್ಯ. ನೀನೇ ಹೇಳಿದ್ರೆ ಮನಸ್ಸಿನ ಭಾರ ಬಿಟ್ಟುಹೋಗುತ್ತೆ." ಮತ್ತೆ ಸೇರಿಸಿದಳು, "ಮೂರು ದಿನ ನನಗೂ ಊಟ ಸೇರಿಲ್ಲ, ಅದನ್ನೂ ತಿಳ್ಕೋ. ಸುಮ್ನೆ ಕ್ಷಮಿಸಿಬಿಟ್ಟೆ ಅಂದ್ಕೋಬೇಡ."

ಮುನಾವರ್ ಕೈ ಝಾಡಿಸಿದ. "ಆಮೇಲೆ ಜಗಳ ಆಡೋರಂತೆ. ಮೊದಲು ನೆಂಟರನ್ನ ಕಳಿಸೋಣ. ಮೊದಲ ಸಲ ಕೇಳಿದ್ದನ್ನ ಕೊಡುತ್ತೆ ಸಾರ್ ಇದು, ಅನುಮಾನ ಬರಬಾರದು ಅಂತ. ಮನೆ ಸೇರ್ಕೊಂಡ ಮೇಲೆ ಯಾರಿಗೆ ಮರ್ಯಾದೆ? ಯಂತ್ರ ಓಡ್ತಿರೋವಾಗ ಅಳಿಸಿದ್ರೆ ಮತ್ತೆ ಹುಟ್ಟುತ್ತೆ. ಸೇಫ್ ಮೋಡಲ್ಲಿ ಎಬ್ಬಿಸ್ಬೇಕು. ಆಗ ಯಂತ್ರ ಬದುಕೋಕೆ ಬೇಕಾದ್ದಷ್ಟೇ ಏಳುತ್ತೆ, ಇದಕ್ಕೆ ಏಳೋಕೆ ಬಿಡಲ್ಲ."

ಯಂತ್ರವನ್ನು ಆರಿಸಿ ಹಾಗೆ ಎಬ್ಬಿಸಿದ. ಕಪ್ಪು ಹಿನ್ನೆಲೆಯಲ್ಲಿ ದೊಡ್ಡ ದೊಡ್ಡ ಅಕ್ಷರಗಳು ಎದ್ದವು. ಇಂದಕ್ಕ ಕೀಲಿ ಒತ್ತಿದಳು. ಮತ್ತೆ ಒತ್ತಿದಳು.

"ಮಾತಾಡ್ತಿಲ್ಲ."

"ಇದರಲ್ಲಿ ಸೌಂಡೂ ಏಳಲ್ಲ ಅಕ್ಕ," ಎಂದ ಮುನಾವರ್. ಬುಧವಾರದ ಮೇಡಂ ಅಷ್ಟರಲ್ಲಿ ಅಕ್ಕ ಆಗಿದ್ದಳು. "ನಾನೇ ನೋಡಿ ತೆಗೀತೀನಿ. ಆದ್ರೆ ಇಲ್ಲಿ ಬೆಳಿಗ್ಗೆ ಯಂತ್ರದ ಜೊತೆ ಏನೇನು ಏಳುತ್ತೆ ಅಂತ ನಿಮಗೆ ಗೊತ್ತಿರೋ ಹಾಗೆ ನನಗೆ ಗೊತ್ತ? ಬೇಕಾದ್ದನ್ನೇ ಕಿತ್ತುಬಿಟ್ರೆ ಕಷ್ಟ."

ಇಂದಕ್ಕ ಹೆಡ್‌ಫೋನನ್ನು ಪೂರ್ತಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆ ಕುರ್ಚಿಯಲ್ಲಿ ಕೂತಿರುವಾಗ ಅವಳ ಎರಡು ಕಿವಿಗಳೂ ಒಟ್ಟಿಗೆ ತೆರೆದಿದ್ದನ್ನು ಆವತ್ತಿನವರೆಗೆ ನಾನು ನೋಡಿರಲಿಲ್ಲ.

"ತಮ್ಮಯ್ಯ ಓದ್ತಾನೆ," ಎಂದಳು. "ಬಾ, ಪಕ್ಕದಲ್ಲಿ ಕೂತ್ಕೋ. ಏನಿದೆಯೋ ಅದನ್ನ ಓದು. ಇದು ಮುಖ್ಯ, ಇದು ಬೇಡ ಅಂತ ನೀನು ತೀರ್ಮಾನ ಮಾಡಬೇಡ."

ಯಂತ್ರ ಏಳುವಾಗ ಜೊತೆಗೆ ಏಳುವ ತಂತ್ರಾಂಶಗಳ ಪಟ್ಟಿಯನ್ನು ಮುನಾವರ್ ತೆರೆದ. ನಾನು ಓದತೊಡಗಿದೆ. ಕಾವ್ಯವಲ್ಲ, ಕತೆಯಲ್ಲ, ಅರ್ಥವಿಲ್ಲದ ಹೆಸರುಗಳು, ಓರೆಗೆರೆಗಳು, ಚುಕ್ಕಿಗಳು. ನಾಲ್ಕನೆಯ ಸಾಲಿಗೆ ಬೇಸರವಾಗಿ "ಇಂಥವೇ ಇನ್ನೂ ಏಳೆಂಟಿವೆ" ಎಂದೆ.

"ಆ ಏಳೆಂಟನ್ನೂ ಓದು."

ಓದಿದೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಇದು ಧ್ವನಿ ಮುದ್ರಿಸುವುದು, ಇರಲಿ. ಇದು ಕಾವಲಿನದು, ಇರಲಿ. ಇದು ನನಗೆ ಓದಿ ಹೇಳೋದು, ಇರಲಿ. ಒಂಬತ್ತನೆಯ ಹೆಸರನ್ನು ಓದುತ್ತಿದ್ದಂತೆ ಕೈಯೆತ್ತಿದಳು.

"ಓದೋ ತಂತ್ರಾಂಶದ ಹೆಸರು ಆಗಲೇ ಹೇಳಿದೆ."

"ಎರಡು ಸಲ ಇದೆ ಅಕ್ಕ."

"ಬೆಳಿಗ್ಗೆ ಯಂತ್ರ ಹಾಕಿದಾಗ ಅದು ಒಂದೇ ಸಲ ನಮಸ್ಕಾರ ಹೇಳುತ್ತೆ. ಎರಡು ಸಲ ಯಾಕೆ ಏಳುತ್ತೆ? ಮುಂದೆ ಓದು. ಎರಡೂ ಎಲ್ಲಿಂದ ಏಳ್ತಿವೆ ಅಂತ ಇದೆಯಾ?"

ಓದಿದೆ. ಮೊದಲನೆಯದು ಎಲ್ಲ ತಂತ್ರಾಂಶಗಳಿರುವ ಜಾಗದಿಂದ ಏಳುತ್ತಿತ್ತು. ಎರಡನೆಯದರ ವಿಳಾಸ ಮಾತ್ರ ಮಾರುದ್ದವಿತ್ತು. ಒಂದಕ್ಷರವನ್ನೂ ಬಿಡದೆ ಓದಿಕೊಂಡು ಹೋದೆ. ಅದು ಕೊನೆಗೊಂಡದ್ದು ಯಂತ್ರ ಆಗಾಗ ಬಳಸಿ ಬಿಸಾಡುವ ತಾತ್ಕಾಲಿಕ ಕಡತಗಳ ಮೂಲೆಯಲ್ಲಿ.

"ಅಲ್ಲಿದೆ," ಎಂದ ಮುನಾವರ್. "ಕಸದ ಬುಟ್ಟಿಯಲ್ಲಿ ಕೂತ್ಕೊಂಡು ಅಕ್ಕನ ದನಿಯ ಹೆಸರಿಟ್ಕೊಂಡಿದೆ, ಬದ್ಮಾಷ್."

ಅವನು ಆ ಸಾಲನ್ನು ಪಟ್ಟಿಯಿಂದ ಕಿತ್ತ. ಆ ಮೂಲೆಯಲ್ಲಿದ್ದುದನ್ನೆಲ್ಲ ಅಳಿಸಿದ. ನಾನು ಕೊಟ್ಟಿದ್ದ ಅಪ್ಪಣೆಯನ್ನು ನನ್ನ ಕೈಯಲ್ಲೇ ರದ್ದುಮಾಡಿಸಿದ, ಬೇಕೆಂದೇ ಮಾಡಿಸಿದ. ಅಂಗಡಿಯ ಶುದ್ಧವಾದ ಯಂತ್ರದಿಂದ ತಂದಿದ್ದ ಹೊಸ ಶೋಧಕವನ್ನು ಓಡಿಸಿದ. ಈ ಸಲ ಅದು ಸುಮ್ಮನಿರಲಿಲ್ಲ. ಮುನ್ನೂರ ಇಪ್ಪತ್ತು ವೇಷಧಾರಿಗಳನ್ನು ಒಂದೊಂದಾಗಿ ಹಿಡಿದು ಹೆಸರಿಸಿತು. ನಾನು ಅಷ್ಟನ್ನೂ ಗಟ್ಟಿಯಾಗಿ ಓದಿದೆ. ಗಂಟಲು ಒಣಗಿ ಹೋಯಿತು, ಮೇಷ್ಟ್ರು ನೀರು ತಂದುಕೊಟ್ಟರು, ಮತ್ತೆ ಓದಿದೆ. ಎರಡು ತಾಸಿನ ಮೇಲೆ, ಮರೆಮಾಡಿದ್ದ ಪಾಠಗಳ ಮುಸುಕನ್ನು ಮುನಾವರ್ ತೆಗೆದುಹಾಕಿದಾಗ, ಅವು ಮಂಜಿನಿಂದ ಬಿಸಿಲಿಗೆ ಬಂದಂತೆ ನಿಚ್ಚಳವಾದವು. ಓದುಮನೆಯ ಇ-ಮೇಲಿನ ಗುಪ್ತಪದವನ್ನು ತನ್ನ ಅಂಗಡಿಯ ಯಂತ್ರದಿಂದ ಇವತ್ತೇ ಬದಲಾಯಿಸಬೇಕು, ಹುಡುಗರ ಪೆನ್‌ಡ್ರೈವುಗಳನ್ನೆಲ್ಲ ತೊಳೆಯದೆ ಇನ್ನು ಯಾವ ಯಂತ್ರಕ್ಕೂ ಚುಚ್ಚಬಾರದು ಎಂದ. ಈಗಿನಿಂದ ಪಾಠಗಳದ್ದೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ತಂತಿಯಿಂದ ದೂರ ಇರಲಿ ಎಂದೂ ಹೇಳಿದ. ಹೇಳಿದ್ದೆಲ್ಲ ಇಂದಕ್ಕನಿಗೆ, ನಮ್ಮಿಬ್ಬರ ಕಡೆ ನೋಡಲೂ ಇಲ್ಲ.

ಯಂತ್ರವನ್ನು ಮಾಮೂಲಿಯಂತೆ ಎಬ್ಬಿಸಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ದನಿ ಒಂದೇ ಸಲ, ಒಂದು ಕಡೆಯೂ ಎಡವದೆ ನಮಸ್ಕಾರ ಹೇಳಿತು. ಇಂದಕ್ಕ ಉಸಿರು ಬಿಟ್ಟಳು.

ಅವಳು ನೀರು ಕುಡಿಯಲು ಎದ್ದಾಗ ಮೇಷ್ಟ್ರು ಟವೆಲಿನಿಂದ ಕುರ್ಚಿಯನ್ನು ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ. ಅವಳು ಮರಳಿ ಬಂದಾಗ ಕುರ್ಚಿಯನ್ನು ಸದ್ದಾಗುವ ಹಾಗೆ ಎಳೆದು ಅವಳ ಕೈಗೆ ಸಿಗುವಲ್ಲಿ ಇಟ್ಟು, "ಕೂತ್ಕೊಳ್ಳಮ್ಮ," ಎಂದರು. "ಕಣ್ಣಿರೋರು ಮೂರು ಜನ ಇದ್ವಿ, ಏನು ಪ್ರಯೋಜನ ಆಯ್ತು? ನಿನ್ನ ಜಾಗದ ವಿಷಯ ಇನ್ನು ನಾನೂ ಎತ್ತಲ್ಲ, ಯಾರಿಗೂ ಎತ್ತೋಕೆ ಬಿಡಲ್ಲ."

"ಹಾಗಂದ್ರೆ ಇನ್ನೊಂದು ಕುರ್ಚಿನೂ ಬೇಕು ಮೇಷ್ಟ್ರೇ," ಎಂದಳು ಅವಳು. "ನನಗೆ ಎಲ್ಲವನ್ನೂ ಓದಿ ಹೇಳೋ ಇನ್ನೊಂದು ಯಂತ್ರ ಸಿಕ್ಕಿದೆ. ಸ್ವಲ್ಪ ನಿಧಾನ. ಎಚ್ಚರಿಕೆ ಬಂದ್ರೆ ಓದೋದನ್ನ ಕಲಿಸ್ಬೇಕು."

ಮುನಾವರ್ ಗಹಗಹಿಸಿ ನಕ್ಕ. ನಗಬೇಕೋ ಬೇಡವೋ ತಿಳಿಯದೆ ನಾನು ತಲೆ ತಗ್ಗಿಸಿದೆ. ಅವಳು ನನ್ನ ದಿಕ್ಕಿಗೆ ಕೈಚಾಚಿ ತಲೆಯ ಮೇಲೊಂದು ಮೊಟಕಿದಳು. ನೋವಾಗುವ ಹಾಗೆಯೇ ಮೊಟಕಿದಳು.

ಸೋಮವಾರ ಹುಡುಗರೆಲ್ಲ ಪೆನ್‌ಡ್ರೈವ್ ಹಿಡಿದು ಬಂದರು. ಸಾಲು ಕೋಣೆಯಲ್ಲಿ ಹಿಡಿಸದೆ ಮೆಟ್ಟಿಲುಗಳ ಮೇಲೆ ಇಳಿಯಿತು. ಒಂದೊಂದನ್ನೂ ಇಂದಕ್ಕ ಕೇಳಿ, ಮುನಾವರ್ ತೊಳೆದು, ನಾನು ಬಂದ ಎಚ್ಚರಿಕೆಗಳನ್ನೆಲ್ಲ ಗಟ್ಟಿಯಾಗಿ ಓದಿ ಮರಳಿಸುತ್ತಿದ್ದೆವು. ಮೊದಲು ಪಡೆದುಕೊಂಡವಳು ಪಾರ್ವತವ್ವ. ಅವಳಿಗೆ ಹಾಸ್ಟೆಲಿಗೆ ಹೋಗುವಷ್ಟೂ ತಾಳ್ಮೆಯಿರಲಿಲ್ಲ. ಮೂರನೆಯ ಮೆಟ್ಟಿಲಲ್ಲೇ ಕೂತು, ಡಬ್ಬಿಗೆ ಅದನ್ನು ಚುಚ್ಚಿ, ಗುಂಡಿ ಒತ್ತಿದಳು. ಪಾಠ ಶುರುವಾಯಿತು. ಮೇಲಿನ ಮೆಟ್ಟಿಲಲ್ಲಿದ್ದವನು ಮಾತು ನಿಲ್ಲಿಸಿ ಕೂತ. ಕೆಳಗಿನವರು ಕೂತರು. ಹೀಗೆ ಮೆಟ್ಟಿಲಿಗಿಬ್ಬರಂತೆ ಇಡೀ ಮೆಟ್ಟಿಲಸಾಲು ತುಂಬಿಹೋಯಿತು. ಎಲ್ಲರ ತಲೆಯೂ ಆ ಒಂದು ಡಬ್ಬಿಯ ಕಡೆಗೆ ವಾಲಿತ್ತು. ನಾನು ಬಾಗಿಲಿನಿಂದ ಇಣುಕಿದೆ. ಕೆಳಗೆ, ರಸ್ತೆಯ ಬಿಸಿಲಿನಲ್ಲಿ, ಕರಿಬಸಯ್ಯ ಮೇಷ್ಟ್ರು ಮೇಲೆ ಬರಲು ದಾರಿಯಿಲ್ಲದೆ ನಿಂತಿದ್ದರು. ಯಾರನ್ನೂ ಸರಿಯಿರಿ ಎನ್ನಲಿಲ್ಲ. ಚಪ್ಪಲಿ ಸದ್ದಾದೀತೆಂದು ಎರಡನ್ನೂ ಕಳಚಿ ಕೈಯಲ್ಲಿ ಹಿಡಿದುಕೊಂಡು, ಮೊದಲ ಮೆಟ್ಟಿಲ ಹತ್ತಿರ ಬರಿಗಾಲಲ್ಲಿ ನಿಂತು, ಅವರೂ ಪಾಠ ಕೇಳುತ್ತಿದ್ದರು.